ಒಂದೇ ಬಣ್ಣದ ಕಲ್ಲು

ಅಕ್ಕಿ ಚೀಲದ ಮೇಲೆ ಅಚ್ಚಾಗಿದ್ದ ‘ಸಾರ್ಟೆಕ್ಸ್ ಕ್ಲೀನ್’ ಎಂಬುದನ್ನು ಮೊನ್ನೆ ಮಗಳು ಜೋರಾಗಿ ಓದಿ, ಹಾಗಂದರೇನು ಎಂದು ಕೇಳಿದಳು. ಕಲ್ಲು ಕಸ ಇಲ್ಲದ ಅಕ್ಕಿ ಎಂದೆ. ಅಕ್ಕಿಯಲ್ಲಿ ಕಲ್ಲು ಯಾಕಿರುತ್ತದೆ ಎಂಬುದು ಅವಳ ಮುಂದಿನ ಪ್ರಶ್ನೆ. ಊಟದ ನಡುವೆ ಯಾರದೋ ಬಾಯಲ್ಲಿ ಕಟಂ ಎಂದು ಸದ್ದಾಗಿ, ಪಂಕ್ತಿಗೆ ಪಂಕ್ತಿಯೇ ಅಡುಗೆಮನೆಯತ್ತ ತಿರುಗುತ್ತಿದ್ದ ಕಾಲವನ್ನು ಅವಳು ಕಂಡವಳಲ್ಲ. ಹಲ್ಲು ಹಾಳಾಗುವುದು ಚಾಕೊಲೇಟಿನಿಂದ ಮಾತ್ರ ಎಂದು ನಂಬಿರುವ ತಲೆಮಾರು ಅದು.

ಸಾರ್ಟೆಕ್ಸ್ ಎಂಬುದು ಮೂಲದಲ್ಲಿ ಬ್ರಿಟನ್ನಿನ ಒಂದು ಯಂತ್ರ ಕಂಪನಿಯ ಹೆಸರು. ಅಕ್ಕಿ ಜಾರುಹಲಗೆಯಿಂದ ಬೀಳುವಾಗ ಕ್ಯಾಮೆರಾ ಒಂದೊಂದು ಕಾಳಿನ ಬಣ್ಣ ನೋಡುತ್ತದೆ. ಬೇರೆ ಬಣ್ಣ ಕಂಡ ಕೂಡಲೇ ಪುಸಕ್ಕೆಂದು ಗಾಳಿ ಊದಿ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಅದಕ್ಕೂ ಮೊದಲು ಡಿಸ್ಟೋನರ್ ಎಂಬ ಇನ್ನೊಂದು ಯಂತ್ರ ಅಕ್ಕಿಯನ್ನು ಅಲ್ಲಾಡಿಸಿ, ತೂಕದ ಮೇಲೆ ಕಲ್ಲನ್ನು ಬೇರ್ಪಡಿಸಿರುತ್ತದೆ. ಈ ಎರಡೂ ಯಂತ್ರಗಳ ಕೆಲಸವನ್ನು ನಮ್ಮಜ್ಜಿ ಕರೆಂಟಿಲ್ಲದೆ, ಒಂದು ಮೊರದಲ್ಲಿ ಮಾಡುತ್ತಿದ್ದಳು.

ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಕಾಲು ನೀಡಿ ಕೂತಳೆಂದರೆ ಮೊರ ತೊಡೆಯೇರುತ್ತಿತ್ತು. ಮೊದಲು ಕೇರುವುದು. ಮೊರ ಮೇಲಕ್ಕೆ ಚಿಮ್ಮಿದಾಗ ಅಕ್ಕಿ ಬಿಲ್ಲಿನ ಹಾಗೆ ಎದ್ದು ಮತ್ತೆ ಮೊರಕ್ಕೇ ಬೀಳಬೇಕು, ಹೊಟ್ಟು ಜೊಳ್ಳು ಮಾತ್ರ ಅಂಗಳಕ್ಕೆ. ನಾನು ಕೇರಿದರೆ ಅಕ್ಕಿಯೇ ಅಂಗಳಕ್ಕೆ ಹೋಗಿ ಗುಬ್ಬಿಗಳಿಗೆ ಹಬ್ಬವಾಗುತ್ತಿತ್ತು. ಆಮೇಲೆ ಮೊರವನ್ನು ಓರೆಯಾಗಿ ಹಿಡಿದು ಅಂಚು ತಟ್ಟಿ ನುಚ್ಚನ್ನು ಬೇರೆ ಮಾಡುವಳು. ಕೊನೆಗೆ ಆರಿಸುವುದು: ಹಿಡಿ ಹಿಡಿಯಾಗಿ ಅಕ್ಕಿಯನ್ನು ತನ್ನತ್ತ ಎಳೆದುಕೊಳ್ಳುತ್ತ, ನೆಲ್ಲನ್ನು ಒಂದು ಮೂಲೆಗೆ, ಕಲ್ಲನ್ನು ಅಂಗಳಕ್ಕೆ. ಕರಿಕಲ್ಲು ಸುಲಭ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರದ ಬಿಳಿಗಲ್ಲು ಬಂದರೆ ಅಜ್ಜಿಯ ಮಾತು ನಿಲ್ಲುತ್ತಿತ್ತು. ಊರಿನ ಸುದ್ದಿಯೆಲ್ಲ ಹೇಳುತ್ತಿದ್ದ ಬಾಯಿ ಅಷ್ಟು ಹೊತ್ತು ಮುಚ್ಚಿರುತ್ತಿತ್ತು. ಇಷ್ಟಾದ ಮೇಲೂ ಒಲೆಗೆ ಇಡುವ ಮೊದಲು ನೀರು ಹಾಕಿ ಜಾಲಿಸಲೇಬೇಕು. ಇವೆಲ್ಲವನ್ನೂ ದಾಟಿ ಬಂದ ಕಲ್ಲಿಗೆ ತಾತನ ಹಲ್ಲೇ ಬೇಕಾಗಿತ್ತು ಎಂದರೆ ಅದಕ್ಕೆ ಯಾರೇನು ಮಾಡುವುದು!

ಅಂಗಡಿಯಲ್ಲಿ ಎರಡು ನಮೂನೆ ಅಕ್ಕಿ ಇರುತ್ತಿದ್ದವು. ಒಂದು ಚೊಕ್ಕ, ಬೆಲೆ ಸ್ವಲ್ಪ ಹೆಚ್ಚು. ಇನ್ನೊಂದು ಕಲ್ಲಕ್ಕಿ, ಅಗ್ಗ. ಅಜ್ಜಿ ತರಿಸುತ್ತಿದ್ದದ್ದು ಎರಡನೆಯದನ್ನೇ. ತಾತ ಗೊಣಗಿದರೆ, “ಆರಿಸೋಕೆ ನಾನಿದ್ದೀನಲ್ಲ” ಎನ್ನುತ್ತಿದ್ದಳು.

ಈ ಕಲ್ಲಕ್ಕಿ ಅರ್ಥಶಾಸ್ತ್ರದ ಚರಿತ್ರೆಯೊಳಗೂ ಹೊಕ್ಕಿದೆ ಎಂದಿದ್ದರೆ ಅವಳು ನಗುತ್ತಿದ್ದಳು. ಬರ್ಕ್ಲಿಯಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದ ಜಾರ್ಜ್ ಅಕರ್ಲಾಫ್ ಎಂಬ ತರುಣ 1967ರ ಜೂನ್‌ನಲ್ಲಿ ಒಂದು ಲೇಖನವನ್ನು ದೊಡ್ಡ ಪತ್ರಿಕೆಯೊಂದಕ್ಕೆ ಕಳಿಸಿ, ವರ್ಷದ ಮಟ್ಟಿಗೆ ದಿಲ್ಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್ಟಿಟ್ಯೂಟಿಗೆ ಬಂದರು. ಲೇಖನ ಹಳೇ ಕಾರುಗಳ ವ್ಯಾಪಾರದ ಬಗ್ಗೆ. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಸರಾಸರಿ ಬೆಲೆಗಿಂತ ಒಂದು ಕಾಸು ಹೆಚ್ಚು ಕೊಡುವುದಿಲ್ಲ. ಆ ಬೆಲೆಗೆ ಒಳ್ಳೇ ಕಾರಿನವನಿಗೆ ಗಿಟ್ಟುವುದಿಲ್ಲ. ಅವನು ಕಾರನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸಂತೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳು. ಹಾಗಾಗಿ ಸರಾಸರಿ ಬೆಲೆ ಇನ್ನಷ್ಟು ಇಳಿಯುತ್ತದೆ, ಉಳಿದವರಲ್ಲಿ ಒಳ್ಳೆಯವನೂ ಎದ್ದು ಹೋಗುತ್ತಾನೆ.

ದಿಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ಲೇಖನ ವಾಪಸ್ಸಾಯಿತು. ಇಂಥ ಕ್ಷುಲ್ಲಕ ವಿಷಯಗಳನ್ನು ನಾವು ಪ್ರಕಟಿಸುವುದಿಲ್ಲ ಎಂದು ಸಂಪಾದಕರ ಉತ್ತರ. ಎರಡನೆಯ ಪತ್ರಿಕೆಯೂ ಅದೇ ರಾಗ ಹಾಡಿತು. ಮೂರನೆಯದು ಮಾತ್ರ ವಾದಕ್ಕಿಳಿಯಿತು: ಮೊಟ್ಟೆಗಳನ್ನು ದರ್ಜೆ ಮಾಡಿ ಮಾರುತ್ತಿಲ್ಲವೇ, ನೀವು ಹೇಳುವುದೇ ನಿಜವಾದರೆ ಜಗತ್ತಿನಲ್ಲಿ ಏನೂ ಮಾರಾಟವೇ ಆಗಬಾರದಿತ್ತಲ್ಲ! ಕೊನೆಗೆ 1970ರಲ್ಲಿ ನಾಲ್ಕನೆಯ ಪತ್ರಿಕೆ ಅದನ್ನು ಅಚ್ಚು ಹಾಕಿತು. 2001ರಲ್ಲಿ ಇನ್ನಿಬ್ಬರ ಜೊತೆ ಅಕರ್ಲಾಫರಿಗೆ ನೊಬೆಲ್ ಬಂತು.

ಹದಿಮೂರು ಪುಟದ ಆ ಲೇಖನದಲ್ಲಿ ಕಾರುಗಳ ನಡುವೆ ಒಂದು ಕಡೆ ಭಾರತದ ಗೃಹಿಣಿಯರು ಬರುತ್ತಾರೆ. ಪೇಟೆಯ ಅಕ್ಕಿಗೆ ಅದೇ ಬಣ್ಣದ, ಅದೇ ಆಕಾರದ ಕಲ್ಲನ್ನು ಬೇಕೆಂದೇ ಬೆರೆಸಿರುತ್ತಾರೆ, ಅದನ್ನು ಇವರು ಕೂತು ಆರಿಸಬೇಕಾಗುತ್ತದೆ ಎನ್ನುತ್ತಾರೆ ಅಕರ್ಲಾಫ್. ಅಷ್ಟೇ, ಒಂದು ವಾಕ್ಯ. ಅದನ್ನು ಓದಿದಾಗ ನಮ್ಮಜ್ಜಿಯ ಫೋಟೋ ನೊಬೆಲ್ ಸಭಾಂಗಣದಲ್ಲಿ ನೇತುಬಿದ್ದಷ್ಟು ಹಿಗ್ಗಾಯಿತು. ಮಿಕ್ಕ ಅರ್ಥಶಾಸ್ತ್ರವೆಲ್ಲ ನನಗೆ ಆ ವಾಕ್ಯದ ಹಿಂದುಮುಂದಿನ ಟಿಪ್ಪಣಿಯಂತೆಯೇ ಕಾಣುತ್ತದೆ.

ಆದರೆ ಅಜ್ಜಿಯ ಕಡೆಯಿಂದ ಅವರಿಗೊಂದು ತಕರಾರು ಸಲ್ಲಿಸಬೇಕು. ಅವಳು ಮೋಸಹೋದವಳಲ್ಲ. ಕಲ್ಲಿದೆಯೆಂದು ಗೊತ್ತಿದ್ದೇ ಕೊಂಡವಳು. ಕಲ್ಲಕ್ಕಿ ಅಗ್ಗವಾಗಿದ್ದದ್ದು ಅಂಗಡಿಯವನ ಔದಾರ್ಯದಿಂದಲ್ಲ. ಆರಿಸುವವಳ ಕಣ್ಣಿಗೆ, ಬೆನ್ನಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲವಲ್ಲ, ಅದರಿಂದ. ಉಳಿದ ಕಾಸು ತಾತನ ಲೆಕ್ಕದ ಪುಸ್ತಕದಲ್ಲಿ ಜಮಾ, ಅಜ್ಜಿಯ ಮಧ್ಯಾಹ್ನ ಯಾವ ಪುಸ್ತಕದಲ್ಲೂ ಖರ್ಚಲ್ಲ. ಅಗ್ಗದ ಸಾಮಾನು ಎಂದರೆ ಯಾರೋ ಒಬ್ಬರು ಬಿಟ್ಟಿ ದುಡಿದು ಬೆಲೆ ತುಂಬಿಕೊಟ್ಟ ಸಾಮಾನು ಎಂದೇ ನನ್ನ ತಿಳುವಳಿಕೆ.

ಈಗಿನ ತೊಂದರೆಯೆಂದರೆ ಅಕ್ಕಿಯೊಂದು ಚೊಕ್ಕವಾಯಿತು, ಮಿಕ್ಕದ್ದಕ್ಕೆಲ್ಲ ಕಲ್ಲು ಬಿತ್ತು. ಕೊಡೆ, ಚಪ್ಪಲಿ, ಬಕೆಟ್ಟು, ಕುಕ್ಕರಿನ ಗ್ಯಾಸ್ಕೆಟ್ಟು, ಯಾವುದನ್ನು ಮೊರಕ್ಕೆ ಹಾಕಿ ಕೇರುವುದು? ಎರಡು ಸಾವಿರದ ಮಿಕ್ಸಿಯೂ ಐದು ಸಾವಿರದ್ದೂ ಅಂಗಡಿಯ ದೀಪದ ಕೆಳಗೆ ಒಂದೇ ಥರ ಹೊಳೆಯುತ್ತವೆ. ಬಾಳಿಕೆ ಕಣ್ಣಿಗೆ ಕಾಣುವುದಿಲ್ಲ, ಬೆಲೆ ಮಾತ್ರ ಕಾಣುತ್ತದೆ. ಎರಡೂ ಕೈಕೊಡಬಹುದು ಎಂದಾದಾಗ ಕಡಿಮೆ ದುಡ್ಡು ಕಳೆದುಕೊಳ್ಳುವುದೇ ಜಾಣತನ. ಜನ ಜಿಪುಣರಾದರು, ಗುಣ ನೋಡುವುದಿಲ್ಲ ಎಂದು ಬೈಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಆನ್‌ಲೈನಿನಲ್ಲಿ ಐದು ನಕ್ಷತ್ರದ ವಿಮರ್ಶೆಗಳಿವೆಯಲ್ಲ ಎನ್ನುತ್ತಾಳೆ ಮಗಳು. ಅದರಲ್ಲೂ ದುಡ್ಡು ಕೊಟ್ಟು ಬರೆಸಿದ್ದು ಬೆರೆತಿರುತ್ತದೆ: ಅದೇ ಬಣ್ಣ, ಅದೇ ಆಕಾರ.

ನಮ್ಮ ಮಿಕ್ಸಿ ಚಟ್ನಿಯ ನಡುವೆ ಸುಟ್ಟ ವಾಸನೆ ಬಿಟ್ಟು ನಿಂತಾಗ ರಿಪೇರಿ ಅಂಗಡಿಗೆ ಒಯ್ದೆ. ಆತ ತಳದ ಸ್ಕ್ರೂ ಬಿಚ್ಚಿ, ಮೋಟಾರು ಹೊರತೆಗೆದು, ವೈಂಡಿಂಗಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನನ್ನ ಕಣ್ಣ ಹತ್ತಿರ ಹಿಡಿದ. ಮೇಲೆ ತಾಮ್ರದ ಕೆಂಪು. ಕೆರೆದ ಕಡೆ ಬೆಳ್ಳಗೆ ಹೊಳೆಯಿತು.

“ಅಲ್ಯೂಮಿನಿಯಂ ಸಾರ್. ಮೇಲ್ಗಡೆ ಬಣ್ಣ ಅಷ್ಟೇ.”

ಬಿಳಿಗಲ್ಲು ಇಲ್ಲಿಗೂ ಬಂದಿತ್ತು. ಜಗತ್ತಿನ ಎಲ್ಲ ಮಿಕ್ಸಿಗಳ ಹೊಟ್ಟೆಯನ್ನೂ ನೋಡಿದವನು ಇವನೇ ತಾನೇ, ಕೇಳಬೇಕಾದದ್ದೂ ಇವನನ್ನೇ ಎನ್ನಿಸಿತು. ಹೊಸದು ಯಾವುದು ತಗೊಳ್ಳಲಿ, ನಿಮ್ಮ ಹತ್ತಿರ ರಿಪೇರಿಗೆ ಬರದೇ ಇರುವುದು ಯಾವುದು ಎಂದೆ.

ಆತ ನಕ್ಕು, ಹಿಂದಿನ ಕಪಾಟಿನ ಕಡೆ ಕೈ ತೋರಿದ. ಹಳೆಯ ಕಾಲದ ಭಾರದ ಮಿಕ್ಸಿಗಳು, ಮೇಲೆ ಅಂಟಿಸಿದ ಟೇಪಿನಲ್ಲಿ ಗಿರಾಕಿಗಳ ಹೆಸರು.

“ತಲೆಕೆಳಗಾಗಿ ಕೇಳ್ತಿದೀರಿ ಸಾರ್. ರಿಪೇರಿಗೆ ಬರೋದು ಒಳ್ಳೆ ಮಿಕ್ಸಿ. ಬ್ರಷ್ ಹಾಕು, ಕಪ್ಲರ್ ಹಾಕು, ಮತ್ತೆ ವರ್ಷಗಟ್ಟಲೆ ಓಡುತ್ತೆ. ಕೆಟ್ಟದ್ದು ನನ್ನ ಹತ್ರ ಯಾಕೆ ಬರುತ್ತೆ, ಸೀದಾ ಗುಜರಿಗೆ ಹೋಗುತ್ತೆ.”

“ಹಾಗಾದರೆ ಮತ್ತೆ ಮತ್ತೆ ರಿಪೇರಿಗೆ ಬರೋದನ್ನೇ ಕೊಳ್ಳಬೇಕು ಅನ್ನಿ.”

“ಹೂಂ. ಆದ್ರೆ ಡಬ್ಬದ ಮೇಲೆ ಹಂಗಂತ ಬರೆದು ಯಾವನು ಮಾರ್ತಾನೆ ಸಾರ್?”