ಹೆರೆಫರ್ಡ್‌ನ ಒಂಟಿಕಾಲಿನವನು

ಥೀಸಿಸ್‌ನ ಮೂರನೇ ಅಧ್ಯಾಯ ಕೆಂಪು ಗೆರೆ ಹೊತ್ತು ವಾಪಸ್ ಬಂದಿತ್ತು. ಅದನ್ನು ತೆರೆಯದೆ ಚೀಲಕ್ಕೆ ತುರುಕಿ, ಬರ್ಮಿಂಗ್‌ಹ್ಯಾಮಿನಿಂದ ಹೆರೆಫರ್ಡ್ ರೈಲು ಹತ್ತಿದೆ. ಸೇಬಿನ ತೋಟ, ವೈ ನದಿ ಎಲ್ಲ ಚೆಂದವೇ. ಆದರೆ ಕಾಲು ಕದಲದೆ ನಿಂತದ್ದು ಅಲ್ಲಿನ ಕೆಥೆಡ್ರಲ್‌ನಲ್ಲಿ, ಸುಮಾರು 1300ರ ಲೋಕನಕ್ಷೆಯ ಮುಂದೆ. ಒಂದೇ ಕರುವಿನ ಚರ್ಮ; ಮೇಲೆ ಪೂರ್ವ, ನಟ್ಟನಡುವೆ ಜೆರುಸಲೆಂ. ನಮ್ಮ ಇಂಡಿಯಾದಲ್ಲೊಬ್ಬ ಒಂಟಿಕಾಲಿನವನು, ತನ್ನ ಅಗಲ ಪಾದವನ್ನೇ ಕೊಡೆ ಮಾಡಿಕೊಂಡಿದ್ದಾನೆ! ಮೆಲ್ಲಗೆ ನನ್ನೆರಡು ಕಾಲು ನೋಡಿಕೊಂಡೆ. ಯುರೋಪು, ಆಫ್ರಿಕಾಗಳ ಹೆಸರೂ ಅದಲುಬದಲು. ಬರೆದವನು ಇಲ್ಲಿಗೆಲ್ಲ ಎಲ್ಲಿ ಹೋಗಿದ್ದ, ಪಾಪ, ಎಂದು ನಕ್ಕೆ.

ಸಂಜೆ ಪಬ್ಬಿನಲ್ಲಿ ಆ ಊರಿನ ಸೈಡರ್ ಗುಟುಕರಿಸುತ್ತಾ ಅಧ್ಯಾಯ ತೆರೆದೆ. ನಾನು ವರ್ಣಿಸಿದ್ದ ಹಳ್ಳಿಯ ಪಕ್ಕದಲ್ಲಿ ಗೈಡ್ ಕೇಳಿದ್ದರು: ‘ಈ ಊರಿಗೆ ಹೋಗಿದ್ದೀರಾ?’