ಮೂವತ್ತು ದಿನ

2016ರ ಮಳೆಗಾಲ. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಡಾಕ್ಟರಮ್ಮ ನನ್ನ ಎಕ್ಸ್‌ರೇ ಹಾಳೆಯನ್ನು ದೀಪಕ್ಕೆ ಹಿಡಿದು, "ಎರಡೂ ನಳಿಕಿ ಮುಚ್ಯಾವ ನೋಡವಾ" ಅಂದರು. ಆಗ ನನಗೆ ಮೂವತ್ತು ವರ್ಷ, ಮದುವೆಯಾಗಿ ನಾಲ್ಕು ವರ್ಷ. ಕಾರಣ ಗರ್ಭಕೋಶದ ಕ್ಷಯ ಎಂದು ಮುಂದಿನ ಪರೀಕ್ಷೆಯಲ್ಲಿ ಗೊತ್ತಾಯಿತು. ನನಗೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ. ಕ್ಷಯ ಎಂದರೆ ಎದೆಗೆ ಬರುವ ರೋಗ ಎಂದಷ್ಟೇ ತಿಳಿದಿದ್ದೆ. ನಮ್ಮ ದೇಶದಲ್ಲಿ ಎಷ್ಟೋ ಹೆಣ್ಣುಮಕ್ಕಳ ನಳಿಕೆ ಮುಚ್ಚುವುದು ಈ ರೋಗದಿಂದ, ಅದೂ ಸದ್ದಿಲ್ಲದೆ.

ಆರು ತಿಂಗಳು ಮಾತ್ರೆ ನುಂಗಿದೆ. ಅವು ಸರ್ಕಾರದ ಮಾತ್ರೆಗಳು, ಒಂದು ಪೈಸೆ ಖರ್ಚಾಗಲಿಲ್ಲ. ರೋಗ ಹೋಯಿತು, ನಳಿಕೆ ಮಾತ್ರ ತೆರೆಯಲಿಲ್ಲ. ಇನ್ನು ಐವಿಎಫ್ ಒಂದೇ ದಾರಿ, ಒಂದು ಸಲಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಎಂದರು. ಮುಂದೆ ಆಯುಷ್ಮಾನ್ ಕಾರ್ಡ್ ಬಂದಾಗ ಆಸೆಯಿಂದ ಒಯ್ದು ತೋರಿಸಿದೆ. ಸಂತಾನಹೀನತೆಯ ಚಿಕಿತ್ಸೆಯನ್ನು ಆ ಯೋಜನೆ ಹೊರಗಿಟ್ಟಿದೆ. ರೋಗ ಕಳೆಯಲು ಪುಕ್ಕಟೆ ಮಾತ್ರೆ ಕೊಟ್ಟ ಸರ್ಕಾರ, ಅದೇ ರೋಗ ಮಾಡಿಟ್ಟ ಹಾನಿಗೆ ಯಾಕೆ ಕೈ ಚೆಲ್ಲಬೇಕು? ಆವತ್ತು ಕೇಳಿಕೊಂಡ ಈ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಅಷ್ಟರಲ್ಲಿ ಓಣಿಯ ಕುಬಸಗಳಿಗೆ ನನ್ನನ್ನು ಕರೆಯುವುದು ನಿಂತಿತ್ತು. ಕರೆದರೂ ಆರತಿ ತಟ್ಟೆ ನನ್ನ ಕೈಗೆ ಬರುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಒಬ್ಬರೇ, "ನಮ್ಮ ಅಜ್ಜನ ಮಠಕ್ಕ ಬಾರವಾ, ನೀ ಕ್ರಿಸ್ತರಾಕಿ ಆದ್ರೇನಾತು" ಎಂದು ಸಿದ್ಧಾರೂಢ ಮಠಕ್ಕೆ ಕೈಹಿಡಿದು ಕರೆದೊಯ್ದರು. ಅಲ್ಲಿ ಕೂತು ಇಬ್ಬರೂ ಅತ್ತೆವು. ಆ ಅಜ್ಜಿಯ ಋಣ ದೊಡ್ಡದು.

ಅವ್ವನ ಬೋರಮಾಳ, ನನ್ನ ಪಾಟಲಿ ಮಾರಿ, ಉಳಿದದ್ದಕ್ಕೆ ಸಂಘದಲ್ಲಿ ಸಾಲ ಎತ್ತಿ 2019ರ ಆರಂಭದಲ್ಲಿ ಚಿಕಿತ್ಸೆ ಮಾಡಿಸಿಕೊಂಡೆ. ಮುಟ್ಟಿನ ಎರಡನೇ ದಿನದಿಂದ ಸೂಜಿ, ದಿನಕ್ಕೊಂದರಂತೆ ಹನ್ನೊಂದು ದಿನ. ಆಮೇಲೆ ಅಂಡ ತೆಗೆದರು. ನಾಲ್ಕೇ ಸಿಕ್ಕವು, ಅವುಗಳಲ್ಲಿ ಎರಡು ಭ್ರೂಣವಾದವು. ಎರಡನ್ನೂ ಒಳಗಿಟ್ಟರು. ಎರಡು ವಾರ ಕಾದು ರಕ್ತ ಪರೀಕ್ಷೆಗೆ ಕೊಟ್ಟೆವು. ಆಗಲಿಲ್ಲ. ಗೋಕುಲ ರೋಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ನಮ್ಮ ಮನೆಯವರು, "ಮತ್ತ ಗಳಸ್ತೀನಿ, ಮತ್ತ ಮಾಡಸೂಣು" ಎಂದರು.

ಅದೇ ವರ್ಷದ ಕೊನೆಗೆ ಅವರ ಊರಿನಲ್ಲಿ ಹೊಲದ ಬದುವಿಗೆ ಜಗಳವಾಯಿತು. ಒಂದು ಜೀವ ಹೋಯಿತು. ಹೊಡೆದವರಲ್ಲಿ ಇವರೂ ಇದ್ದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಸತ್ತವನ ತಾಯಿ ಇವತ್ತಿಗೂ ಆ ಊರಲ್ಲಿದ್ದಾಳೆ. ನನ್ನ ದುಃಖವನ್ನು ಅವಳ ದುಃಖದ ಪಕ್ಕ ಇಟ್ಟು ತೂಗುವ ಧೈರ್ಯ ನನಗಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ಹದಿನಾಲ್ಕು ವರ್ಷ ತುಂಬುವ ಮೊದಲು ಬಿಡುಗಡೆಯ ಮಾತೇ ಇಲ್ಲ ಎಂದು ವಕೀಲರು ಹೇಳಿದಾಗ ಬೆರಳು ಮಡಿಚಿ ಎಣಿಸಿದೆ. 2033. ಅಷ್ಟೊತ್ತಿಗೆ ನನಗೆ ನಲವತ್ತೇಳು. 2021ರ ಕಾಯ್ದೆ ಹೆಂಗಸಿಗೆ ಐವತ್ತರವರೆಗೆ ಐವಿಎಫ್‌ಗೆ ಅವಕಾಶ ಕೊಡುತ್ತದೆ, ಆದರೆ ಅಂಡಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಶಿಕ್ಷೆ ಬರೆದದ್ದು ಅವರ ಹೆಸರಿಗೆ. ನನ್ನ ಮೈಯೂ ಅದರೊಳಗೆ ಸೇರಿತು.

2024ರ ಜೂನಿನಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಕೋಲಾರ ಕಡೆಯ ಕೈದಿಯೊಬ್ಬನಿಗೆ ಮಗು ಪಡೆಯುವ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ 30 ದಿನದ ಪೆರೋಲ್ ಕೊಟ್ಟಿತ್ತು. ಅರ್ಜಿ ಹಾಕಿದವಳು ಹೆಂಡತಿ. ಆ ತುಂಡನ್ನು ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟುಕೊಂಡೆ. ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ವಕೀಲರನ್ನು ಕಂಡೆ. 2018ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಒಬ್ಬ ಜೀವಾವಧಿ ಕೈದಿಗೆ ಸಂತಾನಹೀನತೆಯ ಚಿಕಿತ್ಸೆಗಾಗಿ ಎರಡು ವಾರ ರಜೆ ಕೊಟ್ಟಿತ್ತು, 2023ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಐವಿಎಫ್‌ಗೆಂದೇ ನಾಲ್ಕು ವಾರ ಕೊಟ್ಟಿತ್ತು ಎಂದು ಅವರೇ ತಿಳಿಸಿದರು. "ಆಗ್ತದ್ರೀ, ಹಾಕೂಣು" ಅಂದರು. ಆಮೇಲೆ ಒಂದು ಮಾತು ಕೇಳಿದರು: "ಅವರು ಹೊರಗ ಬಂದ ಮ್ಯಾಲ ಚಿಕಿತ್ಸಾಕ್ಕ ರೊಕ್ಕ ಅದಾವೇನ್ರಿ?"

ಇರಲಿಲ್ಲ. ಹೊಲಿಗೆ ಯಂತ್ರ ತುಳಿದು ಬಂದ ದುಡ್ಡು ಹಳೆಯ ಸಾಲದ ಕಂತಿಗೇ ಹೋಗುತ್ತಿತ್ತು. ಮೂವತ್ತು ದಿನ ಎಂದರೆ ಸರಿಯಾಗಿ ಒಂದು ಐವಿಎಫ್‌ಗೆ ಆಗುವಷ್ಟು ಕಾಲ. ಸೂಜಿ, ಅಂಡ ತೆಗೆಯುವುದು, ಭ್ರೂಣ ಇಡುವುದು, ಎರಡು ವಾರದ ಕಾಯುವಿಕೆ ಎಲ್ಲ ಅದರಲ್ಲಿ ಮುಗಿಯುತ್ತದೆ. ಆದರೆ ಆ ಮೂವತ್ತು ದಿನ ನನ್ನ ಮುಟ್ಟಿನ ಎರಡನೇ ದಿನಕ್ಕೆ ಹೊಂದಬೇಕು. ಆದೇಶವಾಗಿ, ಕಾಗದ ಸೆರೆಮನೆ ತಲುಪಿ, ಜಾಮೀನುದಾರ ಸಿಕ್ಕು, ಅವರು ಹೊರಬರುವ ತಾರೀಖು ಯಾವುದೋ. ಹತ್ತು ದಿನ ಆಚೀಚೆ ಆದರೆ ಎಲ್ಲವೂ ಆ ರಜೆಯಲ್ಲಿ ಮುಗಿಯುವುದಿಲ್ಲ. ದುಡ್ಡಿಲ್ಲದೆ ಪೆರೋಲ್ ತಂದು ಏನು ಮಾಡಲಿ? ದುಡ್ಡು ಹೊಂದಿಸಿದರೂ ಪೆರೋಲ್ ಬರದಿದ್ದರೆ? ಒಂದು ಬಾಗಿಲು ತೆರೆಯುವಾಗ ಇನ್ನೊಂದು ಮುಚ್ಚಿರುತ್ತಿತ್ತು.

ನಮ್ಮ ಸಭೆಯವರು ಪ್ರತಿ ಕ್ರಿಸ್‌ಮಸ್ಸಿಗೆ ಕೈದಿಗಳಿಗೆ ಕೇಕ್ ಒಯ್ದು ಗೀತೆ ಹಾಡಿ ಬರುತ್ತಾರೆ. ಒಂದು ಭಾನುವಾರ ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಮುಟ್ಟಿನ ಲೆಕ್ಕವನ್ನೂ ಹೇಳಿದೆ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ರೋಗಿಯೂ ಸೆರೆಯಾಳೂ ಒಟ್ಟೊಟ್ಟಿಗೆ ಬರುತ್ತಾರೆ, ನಮ್ಮ ಮನೆಯಲ್ಲಿ ಇಬ್ಬರೂ ಇದ್ದೇವೆ ಎಂದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಬೆಟಗೇರಿಯ ಜರ್ಮನ್ ದವಾಖಾನೆಯಲ್ಲಿ ನರ್ಸ್ ಆಗಿದ್ದ ಹಿರಿಯರೊಬ್ಬರು ಎದ್ದರು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ಶಾಲೆ ಕಟ್ಟಿದರು, ಆಮೇಲೆ ಈ ಸೀಮೆಯಲ್ಲಿ ದವಾಖಾನೆ ಕಟ್ಟಿದರು, ನಾವು ಕೇಕಿಗೆ ನಿಂತುಬಿಟ್ಟೆವು ಎಂದರು. ಸಭಾಪಾಲಕರನ್ನು ಕರೆಸಿ ಅವತ್ತೇ ಸರ್ಕಾರಕ್ಕೆ ಮನವಿ ಬರೆದೆವು.

ಮನವಿಯಲ್ಲಿ ಎರಡೇ ಮಾತು. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಡವರಿಗೆ ಉಚಿತ ಐವಿಎಫ್ ಸಿಗಬೇಕು. ಗೋವಾ ವೈದ್ಯಕೀಯ ಕಾಲೇಜು 2023ರಲ್ಲೇ ಇದನ್ನು ಆರಂಭಿಸಿದೆ, ಹುಬ್ಬಳ್ಳಿಯಿಂದ ಅದು ಅರ್ಧ ದಿನದ ದಾರಿ. ಇನ್ನೊಂದು, ಚಿಕಿತ್ಸೆಗಾಗಿ ಕೈದಿಗೆ ರಜೆ ಪೆರೋಲ್ ನಿಯಮದಲ್ಲೇ ಇರಬೇಕು, ಅದರ ತಾರೀಖು ವೈದ್ಯರ ಚೀಟಿಯಂತೆ ನಿಗದಿಯಾಗಬೇಕು. ಪ್ರತಿಯೊಬ್ಬಳೂ ಹೈಕೋರ್ಟಿನ ಮೆಟ್ಟಿಲು ಹತ್ತುವಂತಾಗಬಾರದು. ಮಠದ ಕಡೆಯಿಂದ ಪಕ್ಕದ ಮನೆಯ ಅಜ್ಜಿ ನಲವತ್ತು ಸಹಿ ತಂದರು. ಓಣಿಯ ಮಸೀದಿಯವರೂ ಹಾಕಿದರು.

ಕಳೆದ ವರ್ಷ ಮತ್ತೆ ಪರೀಕ್ಷೆ ಮಾಡಿಸಿದೆ. ಅಂಡಗಳು ಹೆಚ್ಚುಕಡಿಮೆ ಮುಗಿದಿವೆ ಎಂದರು. ಸೆರೆಮನೆಯ ಜಾಳಿಗೆಯ ಆಚೆ ನಿಂತ ನಮ್ಮ ಮನೆಯವರಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವರು ರಿಸೀವರ್ ಹಿಡಿದುಕೊಂಡೇ ನಿಂತರು, ಭೇಟಿಯ ಹೊತ್ತು ಮುಗಿಯಿತು.

ಭೇಟಿಯ ಸಾಲಿನಲ್ಲಿ ನನ್ನ ಹಿಂದೆ ಕುಂದಗೋಳ ಕಡೆಯ ಹುಡುಗಿಯೊಬ್ಬಳು ನಿಲ್ಲುತ್ತಾಳೆ. ಇಪ್ಪತ್ತೇಳು ವರ್ಷ, ಮಕ್ಕಳಿಲ್ಲ, ಗಂಡನಿಗೆ ಹತ್ತು ವರ್ಷದ ಶಿಕ್ಷೆ. ಅವಳಿಗೆ ಇನ್ನೂ ಕಾಲವಿದೆ. ನಮ್ಮ ಮನವಿಗೆ ಉತ್ತರ ಬಂದಿಲ್ಲ. ಎರಡನೆಯದನ್ನು ಬರೆಯುತ್ತಿದ್ದೇವೆ. ನಿಮ್ಮ ಚರ್ಚಿಗೆ, ಮಠಕ್ಕೆ, ಮಸೀದಿಗೆ ಆ ಹಾಳೆ ಬಂದರೆ ದಯವಿಟ್ಟು ಓದಿ, ಸಹಿ ಹಾಕಿ ಕೊಡಿ.