ಕುಪ್ಪಳಿಯಿಂದ ತಂದ ಬೆಳಕು

ಹೊಸ ಫ್ಲಾಟ್‌ಗೆ ಬಂದ ಮೇಲೆ ಅಮ್ಮನಿಗೊಂದು ಅಭ್ಯಾಸ ಶುರುವಾಯಿತು. ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಹಾಲ್‌ನ ಲೈಟ್‌ಗಳನ್ನೆಲ್ಲ ಆಫ್ ಮಾಡಿ, ದೇವರ ಮುಂದಿನ ದೀಪವೊಂದರ ಬೆಳಕಲ್ಲಿ ಸೋಫಾದ ಮೂಲೆಗೆ ಕೂತಿರುತ್ತಿದ್ದಳು. "ಯಾಕಮ್ಮ ಕತ್ತಲಲ್ಲಿ ಕೂತಿದೀಯ? ಮುಸ್ಸಂಜೇಲಿ ಮನೆ ಕತ್ತಲಾಗಿರಬಾರದು ಅಂತ ನೀನೇ ಹೇಳ್ತಿದ್ದೆ" ಅಂದರೆ, "ನೀನು ಹಾಕ್ಕೋ, ನಾನು ರೂಮಿಗೆ ಹೋಗ್ತೀನಿ" ಅನ್ನುವಳು.

ಅಪ್ಪ ಹೋಗಿ ಆಗ ಎಂಟು ತಿಂಗಳು. ತಿಪಟೂರು ಕಡೆಯ ನಮ್ಮ ಊರಿನ ಮನೆಗೆ ಬೀಗ ಹಾಕಿ ಅವಳನ್ನು ಬೆಂಗಳೂರಿಗೆ ಕರೆತಂದಿದ್ದೆ. ದುಃಖ ಇನ್ನೂ ಇಳಿದಿಲ್ಲ ಅಂದುಕೊಂಡೆ. ಹೆಂಡತಿ, "ಕರೆಂಟ್ ಬಿಲ್ಲಿಗೆ ಹೆದರ್ತಾರೇನೋ" ಅಂದಳು. ನಮ್ಮಿಬ್ಬರ ಊಹೆಯೂ ತಪ್ಪಾಗಿತ್ತು. ಅದು ಗೊತ್ತಾಗಿದ್ದು ಕುಪ್ಪಳಿಯಲ್ಲಿ.

ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಸಿಕ್ಕಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆ, ಈಗಿನ ಕವಿಮನೆ ನೋಡೋಣ ಅಂತ ಮೂವರೂ ಹೊರಟೆವು. ಕಾಡಿನ ನಡುವೆ ಮೂರು ಅಂತಸ್ತಿನ ದೊಡ್ಡ ಹೆಂಚಿನ ಮನೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹೊಸ್ತಿಲು ದಾಟಿ ಒಳಗೆ ಬಂದರೆ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಣತೊಡಗಿತು: ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ಕಪ್ಪಗೆ ಹೊಳೆಯುವ ಮರದ ಕಂಬಗಳು, ಅದರಾಚೆ ಮಬ್ಬು ಕೋಣೆಗಳು.

ತೊಟ್ಟಿಮನೆಯ ಉಪಾಯ ಸರಳ. ಸೂರು ಕೆಳಗೆ ಬಾಗಿರುವುದರಿಂದ ಬಿಸಿಲು ನೇರವಾಗಿ ಕಣ್ಣಿಗೆ ಬೀಳುವುದಿಲ್ಲ. ಅಂಗಳದ ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ಜಗಲಿಗೆ ಬರುತ್ತದೆ. ಒಳಗೆ ಹೋದಷ್ಟೂ ತೆಳುವಾಗುತ್ತದೆ. ಕೆಲಸಕ್ಕೊಂದು ಬೆಳಕು, ಮಾತಿಗೊಂದು, ನಿದ್ದೆಗೊಂದು. ಹೀಗೆ ಒಂದೇ ಸೂರ್ಯನನ್ನು ಮನೆ ತಾನೇ ಪಾಲು ಮಾಡಿಕೊಂಡಿತ್ತು.

ಅಮ್ಮ ಅಂಗಳದ ಅಂಚಿನಲ್ಲಿ ತುಂಬಾ ಹೊತ್ತು ನಿಂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ನಮ್ಮನೇಲೂ ಗವಾಕ್ಷಿ ಇತ್ತಲ್ಲ, ಹಿಂಗೇ. ಬೆಳಕು ಎಲ್ಲೋ ಬೀಳೋದು, ನಾವು ಪಕ್ಕದಲ್ಲಿ ಕೂರೋದು. ನಿನ್ನ ಮನೇಲಿ ಎಲ್ಲಿ ಕೂತ್ರೂ ಲೈಟು ನನ್ನೇ ನೋಡುತ್ತೆ. ಕಣ್ಣು ಚುಚ್ಚುತ್ತೆ ಕಣೋ."

"ಮೊದಲೇ ಹೇಳಬಾರದಿತ್ತಾ?"

"ಅಷ್ಟು ದುಡ್ಡು ಸುರಿದು ಮಾಡಿಸಿದೀಯ. ಹೆಂಗೆ ಹೇಳ್ಲಿ?"

ಆಫೀಸಿನಲ್ಲಿ ಯಾರಾದರೂ ಬಗ್ ಇದೆ ಅಂದರೆ ಮೊದಲು ಲಾಗ್ ನೋಡುವವನು ನಾನು. ಮನೆಯಲ್ಲಿ ಅಮ್ಮ ದಿನಾ ಸ್ವಿಚ್ ಒತ್ತಿ ದೂರು ಕೊಡುತ್ತಿದ್ದಳು. ನಾನು ಅದಕ್ಕೆ 'ದುಃಖ' ಅಂತ ಹೆಸರಿಟ್ಟು ಮುಚ್ಚಿಬಿಟ್ಟಿದ್ದೆ.

ವಾಪಸ್ ಬಂದು ಮೊದಲು ಹೋಗಿದ್ದು ಕಣ್ಣಿನ ಡಾಕ್ಟರ್ ಹತ್ತಿರ. ಎರಡೂ ಕಣ್ಣಲ್ಲಿ ಪೊರೆ ಶುರುವಾಗಿತ್ತು. ಪೊರೆ ಇದ್ದಾಗ ಬೆಳಕು ಕಣ್ಣಿನೊಳಗೆ ಚದುರುತ್ತದೆ, ಅದಕ್ಕೇ ನೇರ ಲೈಟು ಚುಚ್ಚುತ್ತದೆ ಎಂದರು. ಆಪರೇಷನ್ ಸದ್ಯಕ್ಕೆ ಬೇಡ, ಆರು ತಿಂಗಳು ಬಿಟ್ಟು ನೋಡೋಣ ಅಂದರು. ಇನ್ನೊಂದು ವಿಷಯವೂ ತಿಳಿಯಿತು. ಅರವತ್ತರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗವಂತೆ. ಅಂದರೆ ಅಮ್ಮನಿಗೆ ಓದಲು ನನಗಿಂತ ಹೆಚ್ಚು ಬೆಳಕು ಬೇಕು, ಆದರೆ ಬಲ್ಬು ಕಣ್ಣಿಗೆ ಕಾಣಬಾರದು.

ಆಗ ನಮ್ಮ ಹಾಲನ್ನು ಮೊದಲ ಸಲ ಸರಿಯಾಗಿ ನೋಡಿದೆ. ಫಾಲ್ಸ್ ಸೀಲಿಂಗ್‌ನಲ್ಲಿ 12 ಡೌನ್‌ಲೈಟ್, ಎಲ್ಲವೂ 6500 ಕೆಲ್ವಿನ್‌ನ ಬಿಳಿನೀಲಿ ಬೆಳಕು, ಎಲ್ಲಕ್ಕೂ ಒಂದೇ ಸ್ವಿಚ್. ಕೆಳಗೆ ಕನ್ನಡಿಯಂಥ ಟೈಲ್ಸ್. ಅಮ್ಮನಿಗೆ ಮೇಲೆ ನೋಡಿದರೂ ಲೈಟು, ಕೆಳಗೆ ನೋಡಿದರೂ ಲೈಟು. 'ಸೂಜಿ ಬಿದ್ದರೂ ಕಾಣಬೇಕು' ಅಂತ ಮಾಡಿಸಿದ್ದು ನಾನೇ.

ಅವಸರದಲ್ಲಿ ಇಡೀ ಮನೆಗೆ 2700 ಕೆಲ್ವಿನ್‌ನ ಹಳದಿ ಲೈಟ್ ಹಾಕಿಸಿದೆ. ಹಾಲ್ ಚೆನ್ನಾಯಿತು, ಅಡುಗೆಮನೆ ಕೆಟ್ಟಿತು. "ಸೊಪ್ಪಲ್ಲಿ ಹಣ್ಣೆಲೆ ಯಾವುದು, ಹಸಿರು ಯಾವುದು ಗೊತ್ತಾಗಲ್ಲ" ಅಂದಳು ಅಮ್ಮ. ಹಿತವಾದ ಬೆಳಕು ಅಂದರೆ ಹಳದಿ ಬೆಳಕು ಅನ್ನುವುದು ಅರ್ಧ ಸತ್ಯ ಮಾತ್ರ. ಎರಡನೇ ಸಲ ಕವಿಮನೆಯ ಲೆಕ್ಕ ಇಟ್ಟುಕೊಂಡೆ. ಯಾವ ಜಾಗಕ್ಕೆ ಏನು ಕೆಲಸ ಅಂತ ಮೊದಲು ಕೇಳಿಕೊಂಡೆ.

ಸೀಲಿಂಗ್ ಅಂಚಿನ ಗೂಡಿನಲ್ಲಿ 3000 ಕೆಲ್ವಿನ್‌ನ ಎಲ್‌ಇಡಿ ಸ್ಟ್ರಿಪ್ ಕೂತಿತು. ಅದರ ಬೆಳಕು ಸೀಲಿಂಗ್‌ಗೆ ಬಡಿದು ಕೆಳಗಿಳಿಯುತ್ತದೆ. ಅದೇ ನಮ್ಮ ಅಂಗಳ. ಡೌನ್‌ಲೈಟ್‌ಗಳಲ್ಲಿ ನಾಲ್ಕನ್ನು ಮಾತ್ರ ಉಳಿಸಿ, ಬಲ್ಬು ಒಳಗೆ ಆಳದಲ್ಲಿ ಅಡಗುವ ಫಿಟ್ಟಿಂಗ್‌ಗೆ ಬದಲಿಸಿ, ಬೇರೆ ಸ್ವಿಚ್‌ಗೆ ಕೊಡಿಸಿದೆ. ಅಮ್ಮನ ಕುರ್ಚಿಯ ಪಕ್ಕ, ಭುಜದ ಎತ್ತರಕ್ಕೆ, ಬಟ್ಟೆಯ ಶೇಡ್ ಇರುವ 9 ವ್ಯಾಟ್‌ನ ಓದುವ ದೀಪ ಬಂತು. ಅಡುಗೆಮನೆಯಲ್ಲಿ ಮೇಲಿನ ಕಪಾಟಿನ ಕೆಳಗೆ 4000 ಕೆಲ್ವಿನ್‌ನ ಸ್ಟ್ರಿಪ್ ಹಾಕಿದ್ದರಿಂದ ಹೆಚ್ಚುವಾಗ ನಮ್ಮದೇ ನೆರಳು ಚಾಕುವಿನ ಮೇಲೆ ಬೀಳುವುದಿಲ್ಲ. ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ, ಕಾಲಿನ ಎತ್ತರಕ್ಕೆ, ಜನ ನಡೆದಾಗ ತಾನೇ ಹೊತ್ತುವ ಸೆನ್ಸರ್ ಲೈಟ್. ಎಲ್ಲ ಸೇರಿ 8 ಸಾವಿರ ರೂಪಾಯಿಯೊಳಗೆ ಮುಗಿಯಿತು.

ನೀವು ಬಾಡಿಗೆ ಮನೆಯಲ್ಲಿದ್ದರೆ ಸೀಲಿಂಗ್ ಮುಟ್ಟುವುದೇ ಬೇಡ. ಒಂದು ಟೇಬಲ್ ಲ್ಯಾಂಪನ್ನು ಗೋಡೆಗೆ ತಿರುಗಿಸಿಟ್ಟು ನೋಡಿ, ಅಷ್ಟರಲ್ಲೇ ರೂಮು ಬದಲಾಗುತ್ತದೆ. ಬಲ್ಬು ಕೊಳ್ಳುವಾಗ ವ್ಯಾಟ್ ಮಾತ್ರ ನೋಡಬೇಡಿ. ಎಷ್ಟು ಬೆಳಕು ಅಂತ ಹೇಳುವುದು ಲ್ಯೂಮೆನ್, ಯಾವ ಬಣ್ಣ ಅಂತ ಹೇಳುವುದು ಕೆಲ್ವಿನ್. ಬಣ್ಣಗಳು ನಿಜವಾಗಿ ಕಾಣುತ್ತವಾ ಅಂತ ಹೇಳುವುದು ಸಿಆರ್‌ಐ, ಅಡುಗೆಮನೆಗೆ ಅದು 90ರ ಆಸುಪಾಸು ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರು ದಿನಾ ಕೂರುವ ಜಾಗದಲ್ಲಿ ಹತ್ತು ನಿಮಿಷ ನೀವು ಕೂತು ನೋಡಿ. ನಾನು ಅದನ್ನು ಒಂದು ದಿನವೂ ಮಾಡಿರಲಿಲ್ಲ.

ಅಪ್ಪನ ನೆನಪು ಲೈಟ್ ಬದಲಿಸಿದರೆ ಹೋಗುವಂಥದ್ದಲ್ಲ. ಈಗಲೂ ಕೆಲವು ಸಂಜೆ ಅಮ್ಮ ಸುಮ್ಮನಿರುತ್ತಾಳೆ. ಆದರೆ ರೂಮಿಗೆ ಎದ್ದು ಹೋಗುವುದಿಲ್ಲ, ನಮ್ಮ ಜೊತೆ ಹಾಲ್‌ನಲ್ಲೇ ಇರುತ್ತಾಳೆ. ಮೊನ್ನೆ ಬಂದಾಗ ದೀಪದಡಿ ಪೇಪರ್ ಹಿಡಿದು ಕೂತಿದ್ದಳು. ಬ್ಯಾಗ್ ಇಳಿಸಿ ಮುಂದೆ ನಿಂತು, "ಏನಮ್ಮ ಸುದ್ದಿ?" ಅಂದೆ.

ಕನ್ನಡಕದ ಮೇಲಿಂದ ನೋಡಿ, "ಆ ಕಡೆ ಸರಿಯೋ, ಬೆಳಕಿಗೆ ಅಡ್ಡ ನಿಂತಿದೀಯ" ಅಂದಳು.